ಪ್ಲಾಸ್ಮಾ ಕತ್ತರಿಸುವ ಯಂತ್ರದ ಸುರಕ್ಷಿತ ಅಳವಡಿಕೆ

ಪ್ಲಾಸ್ಮಾ ಕತ್ತರಿಸುವ ಯಂತ್ರವು ವಿದ್ಯುತ್ ಆರ್ಕ್ ಹಾಗೂ ಒತ್ತಡದ ಗಾಳಿಯನ್ನು ಬಳಸಿ ಲೋಹವನ್ನು ಕರಗಿಸಿ ಕತ್ತರಿಸುವ ಸಾಧನವಾಗಿದೆ. ಇದರ ಹೊತ್ತೊಯ್ಯಬಲ್ಲ ಮಾದರಿಗಳು ಸಾಮಾನ್ಯವಾಗಿ 8ರಿಂದ 15 ಕಿಲೋಗ್ರಾಂ ತೂಗುತ್ತವೆ, 230 ವೋಲ್ಟ್‌ನ ಸಿಂಗಲ್ ಫೇಸ್ ಪೂರೈಕೆಯಲ್ಲಿ ನಡೆಯುತ್ತವೆ ಮತ್ತು 20ರಿಂದ 40 ಆಂಪಿಯರ್‌ವರೆಗಿನ ಪ್ರವಾಹದಿಂದ ಕತ್ತರಿಸುತ್ತವೆ. ನೋಟಕ್ಕೆ ಇದು ಇನ್ವರ್ಟರ್ ವೆಲ್ಡಿಂಗ್ ಯಂತ್ರವನ್ನೇ ಹೋಲುತ್ತದೆ. ಆದ್ದರಿಂದ ವೆಲ್ಡಿಂಗ್ ಯಂತ್ರವಿದ್ದ ಜಾಗದಲ್ಲಿಯೇ ಇಟ್ಟು, ಅದೇ ಪ್ಲಗ್ಗಿಗೆ ಸಿಕ್ಕಿಸಿ ಕೆಲಸ ಆರಂಭಿಸುವುದು ಸಹಜವೆನಿಸುತ್ತದೆ. ಈ ಯಂತ್ರದಿಂದ ಆಗಬಹುದಾದ ಅಪಘಾತಗಳಲ್ಲಿ ಹಲವಕ್ಕೆ ಈ ಸಹಜ ಭಾವನೆಯೇ ಮೂಲ.

ಈ ಲೇಖನವು ಕರ್ನಾಟಕದ ಹಾವೇರಿ, ರಾಣೇಬೆನ್ನೂರು ಹಾಗೂ ಬ್ಯಾಡಗಿ ಪಟ್ಟಣಗಳಂಥ ಕೃಷಿ ಮಾರುಕಟ್ಟೆಯ ಊರುಗಳಲ್ಲಿನ ಸಣ್ಣ ಕಾರ್ಯಾಗಾರಗಳನ್ನು ಗಮನದಲ್ಲಿಟ್ಟುಕೊಂಡು ಯಂತ್ರದ ಅಳವಡಿಕೆಯನ್ನು ವಿವರಿಸುತ್ತದೆ. ಟ್ರ್ಯಾಕ್ಟರ್ ಟ್ರೇಲರ್, ಕೂರಿಗೆ, ಕುಂಟೆ, ಗೇಟು, ಕಿಟಕಿ ಸರಳುಗಳ ಕೆಲಸ ನಡೆಯುವ ಇಂಥ ಅಂಗಡಿಗಳಲ್ಲಿ ಮಾಲೀಕ, ಕೆಲಸಗಾರ ಮತ್ತು ವಿದ್ಯುತ್ ಜೋಡಣೆ ನೋಡಿಕೊಳ್ಳುವವನು ಹಲವು ವೇಳೆ ಒಬ್ಬನೇ ಆಗಿರುತ್ತಾನೆ.

ಹಿನ್ನೆಲೆ

ಪ್ಲಾಸ್ಮಾ ಕತ್ತರಿಸುವಿಕೆಯು 1950ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ಲಿಂಡೆ ವಿಭಾಗದಲ್ಲಿ ರೂಪುಗೊಂಡಿತು. ಅಲ್ಲಿನ ರಾಬರ್ಟ್ ಗೇಜ್ ಅವರಿಗೆ 1957ರಲ್ಲಿ ಇದರ ಪೇಟೆಂಟ್ ದೊರೆಯಿತು. ಆಮ್ಲಜನಕ ಮತ್ತು ಅಸಿಟಿಲೀನ್ ಅಥವಾ ಎಲ್‌ಪಿಜಿ ಬಳಸುವ ಗ್ಯಾಸ್ ಕಟ್ಟಿಂಗ್‌ನಲ್ಲಿ ಕಾದ ಕಬ್ಬಿಣವು ಆಮ್ಲಜನಕದಲ್ಲಿ ಉರಿದು ಕತ್ತರಿಸಲ್ಪಡುತ್ತದೆ. ಆದ್ದರಿಂದ ಅದು ಸಾಧಾರಣ ಉಕ್ಕಿಗೆ ಮಾತ್ರ ಸರಿಹೊಂದುತ್ತದೆ. ಪ್ಲಾಸ್ಮಾದಲ್ಲಿ ಲೋಹವು ಉರಿಯಬೇಕಿಲ್ಲ, ಕರಗಿದರೆ ಸಾಕು. ವಿದ್ಯುತ್ ಹರಿಯಬಲ್ಲ ಯಾವುದೇ ಲೋಹವನ್ನು, ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲನ್ನೂ, ಇದು ಕತ್ತರಿಸುತ್ತದೆ. ಸಿಲಿಂಡರ್ ತರುವ, ತುಂಬಿಸುವ ತಾಪತ್ರಯ ಇಲ್ಲದಿರುವುದು ಸಣ್ಣ ಊರಿನ ಅಂಗಡಿಗಳಿಗೆ ಇದರ ದೊಡ್ಡ ಆಕರ್ಷಣೆ.

ಟಾರ್ಚಿನೊಳಗಿನ ಎಲೆಕ್ಟ್ರೋಡ್ ಹಾಗೂ ತಾಮ್ರದ ನಾಜಲ್ ನಡುವೆ ಮೊದಲು ಪೈಲಟ್ ಆರ್ಕ್ ಎಂಬ ಸಣ್ಣ ಕಿಡಿ ಹೊತ್ತಿಕೊಳ್ಳುತ್ತದೆ. ನಾಜಲ್‌ನ ಸುಮಾರು 1 ಮಿಲಿಮೀಟರ್ ರಂಧ್ರದ ಮೂಲಕ ನುಗ್ಗುವ ಗಾಳಿ ಈ ಆರ್ಕ್‌ನಲ್ಲಿ ಅಯಾನೀಕರಣಗೊಂಡು ಪ್ಲಾಸ್ಮಾ ಆಗುತ್ತದೆ. ಅದರ ಉಷ್ಣತೆ 20,000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಆರ್ಕ್ ತಗಡಿಗೆ ವರ್ಗವಾದೊಡನೆ ಲೋಹ ಕರಗುತ್ತದೆ ಮತ್ತು ಅದೇ ಗಾಳಿಯ ರಭಸಕ್ಕೆ ಕೆಳಗೆ ಊದಿಹೋಗುತ್ತದೆ.

ವೆಲ್ಡಿಂಗ್ ಯಂತ್ರದಿಂದ ಇರುವ ವ್ಯತ್ಯಾಸ

ಸಾಧಾರಣ ಆರ್ಕ್ ವೆಲ್ಡಿಂಗ್ ಯಂತ್ರದ ತೆರೆದ ಮಂಡಲದ ವೋಲ್ಟೇಜ್ 60ರಿಂದ 80 ವೋಲ್ಟ್‌ಗಳಷ್ಟಿರುತ್ತದೆ. ಹೋಲ್ಡರಿನಿಂದ ಆಗೊಮ್ಮೆ ಈಗೊಮ್ಮೆ 'ಜುಮ್' ಎನ್ನಿಸಿಕೊಂಡು ಬದುಕುಳಿದ ಅನುಭವ ವೆಲ್ಡರುಗಳಿಗೆ ಹೊಸದಲ್ಲ. ಪ್ಲಾಸ್ಮಾ ಯಂತ್ರದಲ್ಲಿ ಈ ವೋಲ್ಟೇಜ್ 250ರಿಂದ 400 ವೋಲ್ಟ್‌ವರೆಗೆ ಇರುತ್ತದೆ, ಅದೂ ನೇರ ಪ್ರವಾಹ. ಹೋಲ್ಡರ್ ಹಿಡಿಯುವ ಅಭ್ಯಾಸದಲ್ಲಿಯೇ ಬೆವರಿದ ಬರಿಗೈಯಿಂದ ಟಾರ್ಚಿನ ತುದಿಯನ್ನು ಬಿಚ್ಚಲು ಹೋಗುವುದು ಮಾರಣಾಂತಿಕವಾಗಬಹುದು. ಟಾರ್ಚಿನ ಹೊರಕವಚ ಬಿಚ್ಚಿದಾಗ ಯಂತ್ರ ತಾನಾಗಿ ನಿಲ್ಲುವ ವ್ಯವಸ್ಥೆ ಉತ್ತಮ ಮಾದರಿಗಳಲ್ಲಿದೆ. ಆದರೂ ನಾಜಲ್ ಮತ್ತು ಎಲೆಕ್ಟ್ರೋಡ್ ಬದಲಿಸುವ ಮುನ್ನ ಗೋಡೆಯ ಸ್ವಿಚ್ಚನ್ನೇ ಆರಿಸುವುದು ವಾಡಿಕೆಯಾಗಬೇಕು.

ಆರ್ಕ್ ಹೊತ್ತಿಸುವ ವಿಧಾನವನ್ನೂ ಖರೀದಿಗೆ ಮೊದಲೇ ವಿಚಾರಿಸುವುದು ಒಳ್ಳೆಯದು. ಅಧಿಕ ಆವರ್ತನದ ಕಿಡಿಯಿಂದ ಹೊತ್ತಿಸುವ ಯಂತ್ರಗಳು ಸಮೀಪದ ಎಲೆಕ್ಟ್ರಾನಿಕ್ ತೂಕದ ಯಂತ್ರ, ಕಂಪ್ಯೂಟರ್, ಸಿಸಿಟಿವಿ ಮುಂತಾದವನ್ನು ಕೆಡಿಸಬಲ್ಲವು. ಮಾರುಕಟ್ಟೆಯ ಪಕ್ಕದ ಅಂಗಡಿಗೆ ಇದು ಸಣ್ಣ ವಿಷಯವಲ್ಲ. ಗಾಳಿಯ ಒತ್ತಡದಿಂದ ಎಲೆಕ್ಟ್ರೋಡ್ ಹಿಂದೆ ಸರಿದು ಆರ್ಕ್ ಹೊತ್ತುವ ಮಾದರಿಗಳಲ್ಲಿ ಈ ತೊಂದರೆ ಕಡಿಮೆ. ಪೇಸ್‌ಮೇಕರ್ ಅಳವಡಿಸಿಕೊಂಡವರು ಎರಡೂ ಬಗೆಯ ಯಂತ್ರಗಳಿಂದ ದೂರವಿರಬೇಕು, ವೈದ್ಯರ ಸಲಹೆಯಿಲ್ಲದೆ ಸಮೀಪಿಸಬಾರದು.

ಸ್ಥಳದ ಆಯ್ಕೆ

ಕರಗಿದ ಲೋಹದ ಕಿಡಿಗಳು ಗಾಳಿಯ ರಭಸಕ್ಕೆ ಬಹುದೂರ ಚಿಮ್ಮುತ್ತವೆ. ಬಿಸಿ ಕೆಲಸಗಳ ಕುರಿತ ಅಮೆರಿಕದ ಅಗ್ನಿಸುರಕ್ಷತಾ ಸಂಹಿತೆ 'ಎನ್‌ಎಫ್‌ಪಿಎ 51ಬಿ' ಕತ್ತರಿಸುವ ಜಾಗದ ಸುತ್ತ 11 ಮೀಟರ್ ಒಳಗೆ ಸುಡಬಲ್ಲ ವಸ್ತು ಇರಬಾರದೆಂದು ಹೇಳುತ್ತದೆ. ಸರಿಸಲಾಗದ ವಸ್ತುಗಳನ್ನು ಬೆಂಕಿ ತಡೆಯುವ ಹೊದಿಕೆಯಿಂದ ಮುಚ್ಚಬೇಕು. ಹದಿನೈದು ಅಡಿ ಅಗಲದ ಅಂಗಡಿಯಲ್ಲಿ 11 ಮೀಟರ್ ಎಂದರೆ ಪಕ್ಕದ ಎರಡು ಅಂಗಡಿಗಳೂ ಲೆಕ್ಕಕ್ಕೆ ಬರುತ್ತವೆ.

ಹಾವೇರಿ ಜಿಲ್ಲೆಯಲ್ಲಿ ಈ ಲೆಕ್ಕಕ್ಕೆ ವಿಶೇಷ ಮಹತ್ವವಿದೆ. ಇಲ್ಲಿನ ಪ್ರಮುಖ ಬೆಳೆಗಳಾದ ಹತ್ತಿ, ಮೆಕ್ಕೆಜೋಳ ಮತ್ತು ಮೆಣಸಿನಕಾಯಿ ಮೂರೂ ಒಣಗಿದ ಸ್ಥಿತಿಯಲ್ಲಿ, ಗೋಣಿಚೀಲಗಳಲ್ಲಿ ಅಥವಾ ಅಂಡಿಗೆಗಳಲ್ಲಿ ಸಂಗ್ರಹವಾಗುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ವಹಿವಾಟು ಚುರುಕಾಗಿರುವ ಚಳಿಗಾಲ ಮತ್ತು ಬೇಸಿಗೆಯ ತಿಂಗಳುಗಳಲ್ಲಿ ಬ್ಯಾಡಗಿಯ ರಸ್ತೆಬದಿ, ಗೋದಾಮು, ಲಾರಿಗಳೆಲ್ಲ ಒಣ ಕಾಯಿಯಿಂದ ತುಂಬಿರುತ್ತವೆ. ಒಣ ಮೆಣಸಿನಕಾಯಿಗೆ ಬೆಂಕಿ ತಗುಲಿದರೆ ಹುಟ್ಟುವ ಘಾಟು ಕಣ್ಣು ಬಿಡಲು, ಉಸಿರಾಡಲು ಅವಕಾಶ ಕೊಡುವುದಿಲ್ಲ. ಆರಿಸಲು ಬಂದವರೇ ಹಿಂದೆ ಸರಿಯಬೇಕಾಗುತ್ತದೆ. ಹತ್ತಿಯ ಸ್ವಭಾವ ಬೇರೆ. ಅಂಡಿಗೆಯೊಳಗೆ ಸೇರಿದ ಒಂದು ಕಿಡಿ ಹೊರಗೆ ಜ್ವಾಲೆ ತೋರದೆ ಗಂಟೆಗಟ್ಟಲೆ ಒಳಗೊಳಗೇ ಬೂದಿ ಮುಚ್ಚಿದ ಕೆಂಡದಂತೆ ಉಳಿಯಬಲ್ಲದು. ಕೆಲಸ ಮುಗಿದ ಮೇಲೂ ಒಬ್ಬರು ಕಾವಲಿರಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ಮೇಲೆ ಹೇಳಿದ ಸಂಹಿತೆಯು ಹಿಂದೆ ಅರ್ಧ ಗಂಟೆ ಎಂದಿದ್ದ ಕಾವಲಿನ ಅವಧಿಯನ್ನು 2019ರ ಆವೃತ್ತಿಯಲ್ಲಿ ಒಂದು ಗಂಟೆಗೆ ಏರಿಸಿದೆ.

ಯಂತ್ರವನ್ನು ಹೊತ್ತೊಯ್ಯಬಹುದು ಎಂಬುದೇ ಇನ್ನೊಂದು ಅಪಾಯ. ಅಂಗಡಿಯಲ್ಲಿ ಎಲ್ಲ ಎಚ್ಚರಿಕೆ ವಹಿಸಿದವರೂ ರಿಪೇರಿಗೆಂದು ಅದನ್ನು ಹತ್ತಿ ಜಿನ್ನಿಂಗ್ ಮಿಲ್ಲಿಗೋ, ಕಾರದಪುಡಿ ಗಿರಣಿಗೋ, ಶೀತಲಗೃಹಕ್ಕೋ ಒಯ್ದಾಗ ಅಲ್ಲಿ ಎಲ್ಲವನ್ನೂ ಹೊಸದಾಗಿ ನೋಡಬೇಕಾಗುತ್ತದೆ. ಗಿರಣಿಯ ನವಿರಾದ ಪುಡಿ ಗಾಳಿಯಲ್ಲಿ ದಟ್ಟವಾಗಿ ತೇಲುತ್ತಿದ್ದರೆ ಕಿಡಿಯಿಂದ ಒಮ್ಮೆಲೇ ಹೊತ್ತಿಕೊಳ್ಳಬಲ್ಲದು. ಶೀತಲಗೃಹಗಳ ಗೋಡೆಗಳಲ್ಲಿ ಎರಡು ತಗಡುಗಳ ನಡುವೆ ಥರ್ಮೋಕೋಲ್ ಅಥವಾ ಪಾಲಿಯುರಿಥೇನ್ ಫೋಮ್ ತುಂಬಿರುತ್ತಾರೆ. ಹೊರಗಿನಿಂದ ಬರೀ ತಗಡಿನಂತೆ ಕಾಣುವ ಇಂಥ ಗೋಡೆಯನ್ನು ಪ್ಲಾಸ್ಮಾದಿಂದ ಕತ್ತರಿಸುವುದು ಸರ್ವಥಾ ಸಲ್ಲದು.

ಅಂಗಡಿಯೊಳಗೆ ಯಂತ್ರವನ್ನು ನೆಲದಿಂದ ಮೇಲೆ, ಒಣಗಿದ ಗಟ್ಟಿ ಕಟ್ಟೆ ಅಥವಾ ಸ್ಟ್ಯಾಂಡಿನ ಮೇಲೆ ಇಡಬೇಕು. ಫ್ಯಾನಿನ ಗಾಳಿ ಆಡಲು ಹಿಂದೆ ಮತ್ತು ಪಕ್ಕಗಳಲ್ಲಿ ಕನಿಷ್ಠ ಒಂದು ಅಡಿ ತೆರವಿರಬೇಕು. ಗ್ರೈಂಡರಿನ ಕಬ್ಬಿಣದ ಪುಡಿ ಯಂತ್ರದ ಒಳಸೇರಿದರೆ ಸರ್ಕಿಟ್ ಬೋರ್ಡುಗಳಲ್ಲಿ ಶಾರ್ಟ್ ಆಗುತ್ತದೆ. ಆದಕಾರಣ ಗ್ರೈಂಡಿಂಗ್ ಜಾಗದ ಎದುರಿಗೆ ಇಡಬಾರದು. ಮಳೆಗಾಲದಲ್ಲಿ ತಗಡಿನ ಚಾವಣಿಯಿಂದ ಹನಿಯುವ ನೀರು ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿಯೇ ಜಾಗ ಗೊತ್ತುಮಾಡಬೇಕು.

ವಿದ್ಯುತ್ ಪೂರೈಕೆ

ಜಿಲ್ಲೆಗೆ ವಿದ್ಯುತ್ ಪೂರೈಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ಹೊಸ ಯಂತ್ರ ಕೂರಿಸುವ ಮೊದಲು ಅಂಗಡಿಗೆ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ಹೆಚ್ಚಿಸಿಕೊಳ್ಳಬೇಕು. ಲೆಕ್ಕ ಕಠಿಣವೇನಲ್ಲ. 40 ಆಂಪಿಯರ್‌ನಲ್ಲಿ ಕತ್ತರಿಸುವಾಗ ಆರ್ಕ್‌ನ ವೋಲ್ಟೇಜ್ ಅಂತರರಾಷ್ಟ್ರೀಯ ಮಾನಕದ ಸೂತ್ರದಂತೆ 96 ವೋಲ್ಟ್, ಅಂದರೆ ಸುಮಾರು 3.8 ಕಿಲೋವ್ಯಾಟ್. ಯಂತ್ರದ ದಕ್ಷತೆ ಶೇ. 85 ಮತ್ತು ಪವರ್ ಫ್ಯಾಕ್ಟರ್ 0.7 ಎಂದು ಹಿಡಿದರೆ ಗೋಡೆಯ ಪಾಯಿಂಟಿನಿಂದ 28 ಆಂಪಿಯರ್‌ಗಳಷ್ಟು ಪ್ರವಾಹ ಎಳೆಯಲ್ಪಡುತ್ತದೆ. 16 ಆಂಪಿಯರ್‌ನ ಸಾಮಾನ್ಯ ಪವರ್ ಪ್ಲಗ್ ಇದಕ್ಕೆ ಸಾಲದು. ಪ್ಲಗ್ ಕಪ್ಪಾಗುವುದು, ಪಿನ್ನುಗಳು ಕರಗುವುದು ಇದರ ಮೊದಲ ಲಕ್ಷಣಗಳು. 20 ಆಂಪಿಯರ್‌ನಲ್ಲಿ ಮಾತ್ರ ಕತ್ತರಿಸುವ ಚಿಕ್ಕ ಯಂತ್ರವು ಇದೇ ಲೆಕ್ಕದಂತೆ ಸುಮಾರು 13 ಆಂಪಿಯರ್ ಎಳೆಯುತ್ತದೆ.

40 ಆಂಪಿಯರ್ ಯಂತ್ರಕ್ಕೆ ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕ ಲೈನು, 32 ಆಂಪಿಯರ್‌ನ ಎಂಸಿಬಿ, ಕೈಗಾರಿಕಾ ಮಾದರಿಯ ಪ್ಲಗ್ ಮತ್ತು ಸಾಕೆಟ್ ಹಾಗೂ 6 ಚದರ ಮಿಲಿಮೀಟರ್‌ನ ತಾಮ್ರದ ತಂತಿ ಬೇಕು. ತಂತಿಯ ಗಾತ್ರದಲ್ಲಿ ಉಳಿತಾಯ ಮಾಡುವುದರಿಂದ ಕೆಲಸವೂ ಕೆಡುತ್ತದೆ. 30 ಮೀಟರ್ ಉದ್ದದ 2.5 ಚದರ ಮಿಲಿಮೀಟರ್ ತಂತಿಯಲ್ಲಿ 28 ಆಂಪಿಯರ್ ಹರಿದಾಗ 12 ವೋಲ್ಟ್‌ಗೂ ಹೆಚ್ಚು ನಷ್ಟವಾಗುತ್ತದೆ, 6 ಚದರ ಮಿಲಿಮೀಟರ್‌ನದಾದರೆ ಸುಮಾರು 5 ವೋಲ್ಟ್. ಸಂಜೆ ಹೊತ್ತು ವೋಲ್ಟೇಜ್ ಮೊದಲೇ ಕುಸಿದಿರುವ ಕಡೆ ಈ ವ್ಯತ್ಯಾಸದಿಂದಲೇ ಆರ್ಕ್ ನಡುವೆ ಕಡಿದುಹೋಗುವುದುಂಟು. ಎಕ್ಸ್‌ಟೆನ್ಷನ್ ತಂತಿಯನ್ನು ಸುರುಳಿಯಲ್ಲಿಯೇ ಬಿಟ್ಟು ಬಳಸಿದರೆ ಶಾಖ ಹೊರಹೋಗದೆ ಹೊದಿಕೆ ಕರಗುತ್ತದೆ.

ಕಂಪ್ರೆಸರ್ ಕೂಡ ಅದೇ ಸಮಯದಲ್ಲಿ ನಡೆಯುತ್ತದೆ ಎಂಬುದನ್ನು ಮರೆಯಲಾಗದು. ಮೂರು ಫೇಸ್ ಸಂಪರ್ಕವಿದ್ದರೆ ಎರಡನ್ನೂ ಬೇರೆ ಬೇರೆ ಫೇಸಿಗೆ ಜೋಡಿಸುವುದು ಉತ್ತಮ. ಜನರೇಟರ್ ಬಳಸುವುದಾದರೆ ಯಂತ್ರ ಕೇಳುವ ಕೆವಿಎಗಿಂತ ಒಂದೂವರೆ ಪಟ್ಟಾದರೂ ಸಾಮರ್ಥ್ಯ ಇರಲಿ ಎಂಬುದು ರೂಢಿಯ ಲೆಕ್ಕ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳಂತೆ ಹೊಸ ಲೈನು ಎಳೆಯುವ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು.

ಅರ್ಥಿಂಗ್

ಅಳವಡಿಕೆಯಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಕತ್ತರಿಸುವ ತಗಡಿಗೆ ಹಚ್ಚುವ ಕ್ಲಾಂಪನ್ನು ವೆಲ್ಡಿಂಗ್ ಅಂಗಡಿಗಳಲ್ಲಿ 'ಅರ್ಥಿಂಗ್' ಎಂದು ಕರೆಯುವ ರೂಢಿಯಿದೆ. ವಾಸ್ತವದಲ್ಲಿ ಅದು ಅರ್ಥಿಂಗ್ ಅಲ್ಲ, ಕತ್ತರಿಸುವ ಪ್ರವಾಹ ಯಂತ್ರಕ್ಕೆ ಹಿಂದಿರುಗುವ ದಾರಿ ಮಾತ್ರ. ಯಂತ್ರದ ಕವಚಕ್ಕೆ ಪ್ಲಗ್ಗಿನ ಮೂರನೆಯ ಪಿನ್ನಿನ ಮೂಲಕ ಬರುವ ಹಸಿರು ತಂತಿಯೇ ನಿಜವಾದ ಅರ್ಥಿಂಗ್. 'ಕ್ಲಾಂಪ್ ಹಚ್ಚಿದೆಯಲ್ಲ, ಅರ್ಥಿಂಗ್ ಆಯಿತು' ಎಂದು ಹಸಿರು ತಂತಿಯನ್ನು ಬಿಟ್ಟುಬಿಟ್ಟರೆ ಕವಚಕ್ಕೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಕ್ಲಾಂಪ್ ಸಡಿಲವಾಗಿದ್ದು ತಗಡು ಭೂಸಂಪರ್ಕವಿರುವ ಕಬ್ಬಿಣದ ಮೇಜಿನ ಮೇಲಿದ್ದರೆ, ಕೆಲವು ಜೋಡಣೆಗಳಲ್ಲಿ ಹಿಂದಿರುಗುವ ಪ್ರವಾಹ ಹಸಿರು ತಂತಿಯ ದಾರಿ ಹಿಡಿದು ಅದನ್ನು ಸುಟ್ಟುಹಾಕಬಹುದು. ಆಮೇಲೆ ಅರ್ಥಿಂಗ್ ಇಲ್ಲವೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಕ್ಲಾಂಪನ್ನು ಬಣ್ಣ, ತುಕ್ಕು ಕೆರೆದ ಲೋಹಕ್ಕೆ, ಕತ್ತರಿಸುವ ಜಾಗಕ್ಕೆ ಹತ್ತಿರವಾಗಿ, ಬಿದ್ದುಹೋಗುವ ತುಂಡಿಗಲ್ಲದೆ ಉಳಿಯುವ ತುಂಡಿಗೇ ಹಚ್ಚಬೇಕು.

ಅರ್ಥಿಂಗ್ ಗುಂಡಿಗೆ ಭಾರತೀಯ ಮಾನಕ ಐಎಸ್ 3043 ಮಾರ್ಗದರ್ಶಿ. ಕೊಳವೆಯ ಎಲೆಕ್ಟ್ರೋಡ್ ಆದರೆ 2.5 ಮೀಟರಿಗೆ ಕಡಿಮೆಯಿಲ್ಲದ ಜಿ.ಐ. ಪೈಪನ್ನು ಹೂಳಬೇಕು. ಇದ್ದಿಲು ಮತ್ತು ಉಪ್ಪು ತುಂಬುವ ಹಳೆಯ ಕ್ರಮ ಇಂದಿಗೂ ಚಾಲ್ತಿಯಲ್ಲಿದೆ. ಜಿಲ್ಲೆಯಲ್ಲಿ ಎರೆ ಮತ್ತು ಮಸಾರಿ ಎರಡೂ ಬಗೆಯ ಮಣ್ಣಿದೆ. ಹಸಿ ಇರುವಾಗ ಎರೆಮಣ್ಣು ವಿದ್ಯುತ್ತಿಗೆ ಒಳ್ಳೆಯ ದಾರಿ. ಆದರೆ ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರುಕುಬಿಟ್ಟು ಪೈಪಿನಿಂದ ಕಳಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಳೆದಾಗ ಸರಿಯಾಗಿದ್ದ ಗುಂಡಿ ಏಪ್ರಿಲ್‌ನಲ್ಲಿ ಹೆಸರಿಗಷ್ಟೇ ಅರ್ಥಿಂಗ್ ಆಗಿರಬಹುದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದು ಮತ್ತು ರೋಧವನ್ನು ಆ ಕಾಲದಲ್ಲಿಯೇ ಅಳೆಸುವುದು ಅಗತ್ಯ.

ಗುಂಡಿ ಚೆನ್ನಾಗಿದ್ದರೂ ಅದೊಂದೇ ಸಾಲದು ಎಂಬುದನ್ನು ಸರಳ ಗುಣಾಕಾರ ತೋರಿಸುತ್ತದೆ. ಅಂಗಡಿಯ ಸ್ವಂತ ಗುಂಡಿಯನ್ನಷ್ಟೇ ನೆಚ್ಚಿದ ಅಳವಡಿಕೆಯಲ್ಲಿ ಅದರ ರೋಧ 5 ಓಮ್ ಇದೆಯೆಂದುಕೊಂಡರೆ, ಫೇಸ್ ತಂತಿ ಕವಚಕ್ಕೆ ತಗುಲಿದಾಗ ಹರಿಯುವ ಪ್ರವಾಹ ಹೆಚ್ಚೆಂದರೆ 46 ಆಂಪಿಯರ್. 32 ಆಂಪಿಯರ್‌ನ ಎಂಸಿಬಿ ಇಷ್ಟು ಪ್ರವಾಹಕ್ಕೆ ಬೀಳಲು ಒಂದು ಗಂಟೆಯವರೆಗೂ ತೆಗೆದುಕೊಳ್ಳಬಹುದು. ಅಷ್ಟು ಹೊತ್ತು ಕವಚದ ಮೇಲೆ ಪೂರೈಕೆಯ ವೋಲ್ಟೇಜಿನ ಬಹುಪಾಲು ಉಳಿದಿರುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅದೇ ದೋಷವನ್ನು ಸೆಕೆಂಡಿನ ಸಣ್ಣ ಭಾಗದಲ್ಲಿ ಕಡಿದುಹಾಕುತ್ತದೆ. ಆದ್ದರಿಂದ ಎಂಸಿಬಿ, ಆರ್‌ಸಿಸಿಬಿ ಎರಡೂ ಬೇಕು. ಇನ್ವರ್ಟರ್ ಯಂತ್ರದ ಫಿಲ್ಟರಿನ ಸೋರಿಕೆಯಿಂದ ಆರ್‌ಸಿಸಿಬಿ ಒಮ್ಮೊಮ್ಮೆ ಕಾರಣವಿಲ್ಲದೆ ಬಿದ್ದಂತೆ ಕಾಣಬಹುದು. ಆಗ ಅದನ್ನು ಬೈಪಾಸ್ ಮಾಡದೆ, ಆ ಲೈನಿನಲ್ಲಿರುವ ಬೇರೆ ಉಪಕರಣಗಳನ್ನು ಬೇರ್ಪಡಿಸಿ ನೋಡಬೇಕು. ನೇರ ಪ್ರವಾಹದ ಮಿಡಿತಗಳನ್ನೂ ಗುರುತಿಸುವ 'ಎ' ಬಗೆಯ ಆರ್‌ಸಿಸಿಬಿ ಇಲ್ಲಿ ಸೂಕ್ತ.

ಆರ್‌ಸಿಸಿಬಿಗೂ ಒಂದು ಮಿತಿ ಇದೆ. ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರ್ ಟಾರ್ಚಿನ ಮಂಡಲವನ್ನು ಪೂರೈಕೆಯಿಂದ ಬೇರ್ಪಡಿಸಿರುತ್ತದೆ. ಟಾರ್ಚಿನ ತುದಿಯಿಂದ ತಗಡಿಗೆ ಕೆಲಸಗಾರನ ಮೈಮೂಲಕ ಪ್ರವಾಹ ಹರಿದರೆ ಬೋರ್ಡಿನ ಆರ್‌ಸಿಸಿಬಿಗೆ ಅದು ತಿಳಿಯುವುದೇ ಇಲ್ಲ. ಅಲ್ಲಿ ಕಾಪಾಡುವುದು ಒಣಗಿದ ಚರ್ಮದ ಕೈಗವಸು, ರಬ್ಬರ್ ಅಟ್ಟೆಯ ಬೂಟು, ಸೀಳಿಲ್ಲದ ಟಾರ್ಚ್ ಕೇಬಲ್ ಇಷ್ಟೇ.

ಗಾಳಿ

ಈ ಗಾತ್ರದ ಯಂತ್ರಗಳಿಗೆ ಸಾಮಾನ್ಯವಾಗಿ 4.5ರಿಂದ 5.5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 120ರಿಂದ 190 ಲೀಟರ್ ಗಾಳಿ ಬೇಕು. ನಿಖರ ಸಂಖ್ಯೆ ಆಯಾ ಯಂತ್ರದ ಕೈಪಿಡಿಯಲ್ಲಿರುತ್ತದೆ. ಒತ್ತಡವನ್ನು ಗಾಳಿ ಹರಿಯುತ್ತಿರುವಾಗ ಹೊಂದಿಸಬೇಕೇ ಹೊರತು ನಿಂತಿರುವಾಗಲ್ಲ. ಪಂಕ್ಚರ್ ಅಂಗಡಿಯ ಸಣ್ಣ ಕಂಪ್ರೆಸರ್ ಒತ್ತಡ ತೋರಿಸಿದರೂ ಪ್ರಮಾಣ ಒದಗಿಸಲಾರದು.

ಗಾಳಿಯಲ್ಲಿನ ತೇವ ಮತ್ತು ಎಣ್ಣೆ ನಾಜಲ್‌ನ ಶತ್ರುಗಳು. ಮುಂಗಾರಿನ ತಿಂಗಳುಗಳಲ್ಲಿ ಟ್ಯಾಂಕಿನ ತಳದಲ್ಲಿ ನೀರು ಬೇಗ ಸಂಗ್ರಹವಾಗುತ್ತದೆ. ಪ್ರತಿದಿನ ಡ್ರೈನ್ ಕಾಕ್ ತೆರೆದು ಅದನ್ನು ಹೊರಬಿಡಬೇಕು, ಯಂತ್ರಕ್ಕೆ ಮುನ್ನ ನೀರು ಬೇರ್ಪಡಿಸುವ ಫಿಲ್ಟರ್ ಇರಬೇಕು. ಕೊಳವೆಬಾವಿ, ಹನಿ ನೀರಾವರಿಗಳ ಕಾರಣ ಪಿವಿಸಿ ಪೈಪು ಈ ಊರುಗಳಲ್ಲಿ ಎಲ್ಲೆಡೆ ಅಗ್ಗವಾಗಿ ಸಿಗುತ್ತದೆ. ಆದರೆ ಒತ್ತಡದ ಗಾಳಿಗೆ ಅದನ್ನು ಬಳಸಲೇಬಾರದು. ನೀರಿನ ಪೈಪು ಒಡೆದರೆ ಸೋರುತ್ತದೆ, ಗಾಳಿಯ ಪೈಪು ಒಡೆದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ. ಗಾಳಿಗೆಂದೇ ತಯಾರಾದ ರಬ್ಬರ್ ಹೋಸ್ ಅಥವಾ ಲೋಹದ ಕೊಳವೆ ಸರಿ. ಕಂಪ್ರೆಸರ್ ಕೆಟ್ಟ ದಿನ ಗ್ಯಾಸ್ ಕಟ್ಟಿಂಗ್‌ನ ಆಮ್ಲಜನಕದ ಸಿಲಿಂಡರನ್ನು ಜೋಡಿಸುವ ಯೋಚನೆ ಬಂದರೆ ಅದನ್ನು ಅಲ್ಲಿಯೇ ಕೈಬಿಡಬೇಕು. ಗಾಳಿಗಾಗಿ ರೂಪಿಸಿದ ಟಾರ್ಚ್ ಶುದ್ಧ ಆಮ್ಲಜನಕದಲ್ಲಿ ತಾನೇ ಹೊತ್ತಿ ಉರಿಯಬಲ್ಲದು.

ಹೊಗೆ, ಬೆಳಕು, ಸದ್ದು

ಜಿ.ಐ. ತಗಡಿನ ಸತುವಿನ ಲೇಪ ಆವಿಯಾಗಿ ಉಸಿರಿನೊಡನೆ ಒಳಸೇರಿದರೆ ಕೆಲವು ಗಂಟೆಗಳ ಬಳಿಕ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಕಾಣಿಸಿಕೊಳ್ಳುತ್ತದೆ. ಒಂದೆರಡು ದಿನಗಳಲ್ಲಿ ಇಳಿದುಹೋಗುವುದರಿಂದ ಇದನ್ನು ಮಾಮೂಲಿ ಜ್ವರವೆಂದು ಭಾವಿಸುವುದುಂಟು. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಇಳಿದುಹೋಗುವ ಬಗೆಯದಲ್ಲ. ಬಾಗಿಲಿಗೆ ಎದುರಾಗಿ ಹೊರದಬ್ಬುವ ಫ್ಯಾನ್ ಇಟ್ಟು, ಹೊಗೆ ಕೆಲಸಗಾರನ ಮುಖ ಹಾಯದೆ ಹೊರಹೋಗುವಂತೆ ಮಾಡಬೇಕು. ಮುಖಕ್ಕೆ ಕಟ್ಟಿದ ಟವೆಲ್ ಲೋಹದ ಹೊಗೆಯನ್ನು ಸೋಸುವುದಿಲ್ಲ.

ಅಮೆರಿಕದ ಮಾನಕದ ಪ್ರಕಾರ 20 ಆಂಪಿಯರ್‌ವರೆಗೆ 4ನೇ ಶೇಡ್, 20ರಿಂದ 40 ಆಂಪಿಯರ್‌ಗೆ 5ನೇ ಶೇಡ್, 40ರಿಂದ 60ಕ್ಕೆ 6ನೇ ಶೇಡ್ ಗಾಜು ಬೇಕು. ತಂಪು ಕನ್ನಡಕ ಇದಾವುದಕ್ಕೂ ಬದಲಿಯಲ್ಲ. ಟಾರ್ಚಿನ ಗಾಳಿಯ ಸಿಳ್ಳು ದಿನವಿಡೀ ಕೇಳಿದರೆ ಕಿವಿಗೆ ಹಾನಿ. ಅದಕ್ಕೆ ಇಯರ್ ಪ್ಲಗ್ ಸಾಕು.

ಖಾಲಿ ಪೀಪಾಯಿಗಳು

ಡೀಸೆಲ್, ಎಣ್ಣೆ, ಕೀಟನಾಶಕದ ಖಾಲಿ ಪೀಪಾಯಿಗಳನ್ನು ನೀರಿನ ತೊಟ್ಟಿಗೋ ಒಲೆಗೋ ಕತ್ತರಿಸಿಕೊಡಿ ಎಂದು ರೈತರು ತರುವುದು ಕೃಷಿ ಪ್ರದೇಶದ ಅಂಗಡಿಗಳಲ್ಲಿ ಅಪರೂಪವಲ್ಲ. ತುಂಬಿದ ಪೀಪಾಯಿಗಿಂತ ಖಾಲಿಯದೇ ಹೆಚ್ಚು ಅಪಾಯಕಾರಿ. ತಳದಲ್ಲಿ ಉಳಿದ ತುಸುವೇ ದ್ರವ ಆವಿಯಾಗಿ, ಒಳಗಿನ ಗಾಳಿಯೊಡನೆ ಬೆರೆತು, ಮೊದಲ ಕಿಡಿಗೇ ಸ್ಫೋಟಿಸುತ್ತದೆ. ನೀರಿನಿಂದ ತೊಳೆದರೆ ಸಾಕೆಂಬ ನಂಬಿಕೆ ತಪ್ಪು. ಸ್ತರಗಳ ಸಂದಿನಲ್ಲಿ ಉಳಿದದ್ದು ಶಾಖಕ್ಕೆ ಮತ್ತೆ ಆವಿಯಾಗುತ್ತದೆ. ಸಣ್ಣ ಅಂಗಡಿಗೆ ಯೋಗ್ಯವಾದ ನಿಯಮವೆಂದರೆ ಇಂಥ ಕೆಲಸವನ್ನು ಒಪ್ಪಿಕೊಳ್ಳದಿರುವುದು. ಟ್ರ್ಯಾಕ್ಟರಿನ ಡೀಸೆಲ್ ಟ್ಯಾಂಕಿಗೂ ಇದು ಅನ್ವಯಿಸುತ್ತದೆ.

ಮೊದಲ ಚಾಲನೆ

ಜೋಡಣೆ ಮುಗಿದ ಮೇಲೆ ಯಂತ್ರವನ್ನು ಹಚ್ಚುವ ಮೊದಲು ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿ ಅದು ಬೀಳುವುದನ್ನು ನೋಡಬೇಕು. ಗಾಳಿಯ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿದರೆ ಸೋರಿಕೆ ತಿಳಿಯುತ್ತದೆ. ಬಳಿಕ 3 ಮಿಲಿಮೀಟರ್‌ನ ರದ್ದಿ ತಗಡನ್ನು ಕತ್ತರಿಸಿ ನೋಡಬಹುದು. ಕಿಡಿಗಳು ತಗಡಿನ ಕೆಳಗೆ ಬೀಳುತ್ತಿದ್ದರೆ ವೇಗ ಸರಿ, ಮೇಲಕ್ಕೆ ಚಿಮ್ಮಿದರೆ ಆರ್ಕ್ ಇನ್ನೂ ಹಾದುಹೋಗಿಲ್ಲ.

ಡ್ಯೂಟಿ ಸೈಕಲ್ ಶೇ. 60 ಎಂದಿದ್ದರೆ ಹತ್ತು ನಿಮಿಷಗಳಲ್ಲಿ ಆರು ನಿಮಿಷ ಕತ್ತರಿಸಿ ನಾಲ್ಕು ನಿಮಿಷ ಬಿಡಬೇಕೆಂದರ್ಥ. ಇದನ್ನು ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್‌ಗೆ ನಿಗದಿಪಡಿಸಿರುತ್ತಾರೆ. ಬೇಸಿಗೆಯ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ ಶಾಖ ಅದನ್ನೂ ಮೀರುವುದರಿಂದ ವಿರಾಮ ಇನ್ನೂ ಹೆಚ್ಚು ಬೇಕಾಗುತ್ತದೆ. ಟ್ರಿಗರ್ ಬಿಟ್ಟ ಮೇಲೂ ಕೆಲವು ಸೆಕೆಂಡು ಬರುವ ಗಾಳಿ ಟಾರ್ಚನ್ನು ತಣಿಸಲೆಂದೇ ಇರುವುದು. ಆ ಗಾಳಿ ನಿಂತ ನಂತರವೇ ಸ್ವಿಚ್ ಆರಿಸಬೇಕು.

ಒಣಪುಡಿಯ ಅಥವಾ ಇಂಗಾಲದ ಡೈಆಕ್ಸೈಡ್‌ನ ಅಗ್ನಿಶಾಮಕ ಮತ್ತು ಮರಳಿನ ಬಕೆಟ್ ಯಂತ್ರದ ಹಿಂದೆ ಇಡದೆ ಬಾಗಿಲ ಬಳಿ ಇರಬೇಕು, ಬೆಂಕಿಯನ್ನು ದಾಟಿ ಅವನ್ನು ತರುವಂತಾಗಬಾರದು. ವಿದ್ಯುತ್ ಕಡಿಯುವ ತನಕ ನೀರು ಎರಚುವಂತಿಲ್ಲ. ಯಾರಿಗಾದರೂ ಶಾಕ್ ತಗುಲಿದರೆ ಅವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದು ಎಲ್ಲಿದೆ ಎಂಬುದು ಅಂಗಡಿಯ ಕಿರಿಯ ಹುಡುಗನಿಗೂ ತಿಳಿದಿರಬೇಕು. ತುರ್ತು ಕರೆಯ ಸಂಖ್ಯೆ 112.